ಸೂಜಿಯ ಕೋಣೆಯಲ್ಲಿ ಕೊಟ್ಟ ಮಾತು

ಬಹಳ ವರ್ಷಗಳ ಹಿಂದೆ, ನಮ್ಮ ದುಮ್ಯಾತ್ ನಗರದ ಆಸ್ಪತ್ರೆಯ ಹಳೆಯ ಕಟ್ಟಡದಲ್ಲಿ, ಬೆನ್ನಿಗೆ ಸೂಜಿ ಹಾಕಿಸಿಕೊಳ್ಳಲೆಂದು ಬಂದು ಮೇಜಿನ ಮೇಲೆ ಮಲಗಲು ಒಪ್ಪದೆ ಗೋಡೆ ಹಿಡಿದು ನಿಂತಿದ್ದ ಮರಗೆತ್ತನೆಯ ಕುಶಲಕರ್ಮಿಯೊಬ್ಬರಿಗೆ, ಆಗಿನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಡಾ. ರಾವಿಯಾ ಅಲ್-ಬಸ್ತವೀಸಿ ಅವರು ಒಂದು ಮಾತು ಕೊಟ್ಟರು. ಆ ಕುಶಲಕರ್ಮಿಯ ಹೆಸರು ಬದೀರ್. ಕೆಲಸ ಬಲ್ಲ ಹಿರಿಯರನ್ನು ಕರೆಯುವ ಇಲ್ಲಿನ ವಾಡಿಕೆಯಂತೆ ಎಲ್ಲರ ಬಾಯಲ್ಲೂ ಅವರು ಉಸ್ತಾ ಬದೀರ್. ಅವರ ಅಣ್ಣ ಬೇರೊಂದು ಊರಿನಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು ಮತ್ತೆ ಮಂಚ ಬಿಟ್ಟು ಎದ್ದಿರಲಿಲ್ಲ.

"ಸೂಜಿ ಎಷ್ಟು ಬೇಕಾದ್ರೂ ಹಾಕಿ ಡಾಕ್ಟ್ರಮ್ಮ. ಆದ್ರೆ ಯಾವತ್ತೂ ನನ್ನ ಕತ್ತಿಯವರ ಕೈಗೆ ಕೊಡಲ್ಲ ಅಂತ ಮಾತು ಕೊಡಿ. ಇಲ್ಲಾಂದ್ರೆ ಈಗ್ಲೇ ಮನೆಗೆ ಹೋಗ್ತೀನಿ. ಕುಂಟ್ಕೊಂಡೇ ಹೋಗ್ತೀನಿ."

"ಕೊಟ್ಟೆ ಉಸ್ತಾ. ನಿಮ್ಮ ಬೆನ್ನಿಗೆ ಕತ್ತಿ ತಾಗಕ್ಕೆ ನಾನು ಬಿಡಲ್ಲ. ಈಗ ಮಲಕ್ಕೊಳ್ಳಿ."

ಆಗ ನಾನಿನ್ನೂ ಶಾಲೆಯಲ್ಲಿದ್ದೆ. ಈ ಮಾತುಕತೆಯನ್ನು ಮುಂದೆ ಇಬ್ಬರ ಬಾಯಿಂದಲೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಡಾಕ್ಟರ ದನಿ ಕಲ್ಲಿನಷ್ಟು ಗಟ್ಟಿಯಾಗಿತ್ತು ಎಂದು ಉಸ್ತಾ ಬದೀರ್ ಹೇಳುತ್ತಾರೆ. ಆ ಹೊತ್ತಿನಲ್ಲಿ ತಮಗೆ ಹೊರಗೆ ಕಾದು ನಿಂತಿದ್ದವರ ಸಾಲಿನದೇ ಚಿಂತೆಯಾಗಿತ್ತು ಎಂದು ಡಾಕ್ಟರು ಹೇಳುತ್ತಾರೆ. ಮಾತು ಮಾತ್ರ ಎರಡು ಕಡೆಯೂ ಒಂದೇ.

ಇಂದು ನಮ್ಮ ಭಾಗದ ವೈದ್ಯಲೋಕದಲ್ಲಿ, ಸೊಂಟದ ಡಿಸ್ಕ್ ಜಾರಿ ಕಾಲಿನುದ್ದಕ್ಕೂ ಇಳಿಯುವ ಸಯಾಟಿಕಾ ನೋವಿಗೆ ಸೂಜಿಯ ಮೂಲಕ ನೀಡುವ ಚಿಕಿತ್ಸೆಯ ಪ್ರಸ್ತಾಪ ಬಂದರೆ ಡಾ. ರಾವಿಯಾ ಅವರ ಹೆಸರು ತಾನಾಗಿಯೇ ಬರುತ್ತದೆ. ಅವರು ವೃತ್ತಿಗೆ ಕಾಲಿಟ್ಟ ದಿನಗಳಲ್ಲಿ ಅವರಂಥ ಅರಿವಳಿಕೆ ತಜ್ಞರೆಂದರೆ ರೋಗಿಯನ್ನು ಮಲಗಿಸಿ, ಶಸ್ತ್ರವೈದ್ಯರು ಮುಗಿಸಿದ ಮೇಲೆ ಎಬ್ಬಿಸಿ, ಕೈತೊಳೆದುಕೊಂಡು ಹೋಗುವವರು ಎಂದಷ್ಟೇ ಜನರೂ ಸಹೋದ್ಯೋಗಿಗಳೂ ತಿಳಿದಿದ್ದರು. ಎಚ್ಚರವಾಗಿರುವ ಮನುಷ್ಯನ ನೋವಿಗೂ ಒಂದು ವಿಭಾಗ ಬೇಕು, ಅದಕ್ಕೊಂದು ಕೋಣೆ ಬೇಕು, ಆ ಕೋಣೆಯಲ್ಲಿ ಸೂಜಿಯ ಮೊನೆ ಎಲ್ಲಿದೆಯೆಂದು ತೋರಿಸುವ ಎಕ್ಸ್-ರೇ ಯಂತ್ರ ಬೇಕು ಎಂದು ಆಡಳಿತದವರ ಬಾಗಿಲಿಗೆ ಅಲೆದು ಅಲೆದು, ಕೊನೆಗೆ ಹಳೆಯ ಬಟ್ಟೆ ಒಗೆಯುವ ಕೋಣೆಯನ್ನು ಖಾಲಿ ಮಾಡಿಸಿಕೊಂಡು ವಿಭಾಗವನ್ನು ಆರಂಭಿಸಿದವರು ಅವರು. ಆ ಕೋಣೆಯ ಒಂದು ಮೂಲೆಯಲ್ಲಿ ಸೋಪಿನ ವಾಸನೆ ಬಹುಕಾಲ ಉಳಿದಿತ್ತು ಎಂದು ಹಿರಿಯ ದಾದಿಯರು ಈಗಲೂ ನೆನೆಯುತ್ತಾರೆ.

ನಮ್ಮ ಊರು ಮರದ ಸಾಮಾನಿನ ಊರು. ಇಲ್ಲಿ ಕುಳಿತು ಬಾಗಿ ಕೆತ್ತುವವರು, ನಿಂತು ಬಾಗಿ ಉಜ್ಜುವವರು, ಬೀರುವನ್ನು ಬೆನ್ನಿಗೇರಿಸಿ ಐದು ಅಂತಸ್ತು ಹತ್ತುವವರು, ಎಲ್ಲರ ಸೊಂಟವೂ ಒಂದಲ್ಲ ಒಂದು ದಿನ ಅವರನ್ನು ಡಾ. ರಾವಿಯಾ ಅವರ ಬಾಗಿಲಿಗೆ ತಂದು ನಿಲ್ಲಿಸುತ್ತದೆ. ಡಿಸ್ಕ್ ಎಂದರೇನು ಎಂದು ಅವರು ಪುಸ್ತಕದ ಚಿತ್ರ ತೋರಿಸಿ ವಿವರಿಸಿದ್ದನ್ನು ನಾನು ನೋಡಿಲ್ಲ. ಎರಡು ಹಲಗೆ ಸೇರಿಸಿ ಕ್ಲ್ಯಾಂಪ್ ಬಿಗಿದಾಗ ನಡುವಿನಿಂದ ಅಂಟು ಉಕ್ಕಿ ಬರುವುದಿಲ್ಲವೇ, ಹಾಗೆ ಮೂಳೆಗಳ ನಡುವಿನ ಮೆತ್ತನೆಯ ವಸ್ತು ಉಕ್ಕಿ ಪಕ್ಕದ ನರವನ್ನು ಕೆಣಕಿದೆ, ಉಕ್ಕಿದ ಅಂಟು ಕಾಲಕ್ರಮದಲ್ಲಿ ಒಣಗಿ ಕುಗ್ಗುವಂತೆ ಇದೂ ಬಹುಪಾಲು ಜನರಲ್ಲಿ ತಿಂಗಳುಗಳು ಕಳೆದಂತೆ ಕುಗ್ಗುತ್ತದೆ ಎನ್ನುವರು. ಅಷ್ಟು ಹೇಳಿದರೆ ಸಾಕು, ಎದುರಿಗಿದ್ದವರು ತಲೆದೂಗುತ್ತಿದ್ದರು. ತಮ್ಮ ಸೂಜಿಯ ಬಗ್ಗೆಯೂ ಅವರು ಎಂದೂ ದೊಡ್ಡ ಮಾತಾಡಿದವರಲ್ಲ. "ಅಂಟು ತೆಗೆಯೋಳು ನಾನಲ್ಲಪ್ಪ. ಪಕ್ಕದಲ್ಲಿರೋ ನರ ಸಿಟ್ಟು ಮಾಡ್ಕೊಂಡಿದೆ, ಅದನ್ನ ಸ್ವಲ್ಪ ಸಮಾಧಾನ ಮಾಡ್ತೀನಿ. ಅಂಟು ಒಣಗೋವರೆಗೆ ನೀನು ಮನುಷ್ಯನ ಹಾಗೆ ಮಲಗಿ ಏಳ್ಬಹುದು. ಅಷ್ಟೇ ನನ್ನ ವಿದ್ಯೆ." ಸ್ಟೀರಾಯ್ಡ್ ಮದ್ದನ್ನು ನರದ ಬುಡಕ್ಕೆ ತಲುಪಿಸುವ ಈ ಚಿಕಿತ್ಸೆಯಿಂದ ಕೆಲವರಿಗೆ ವಾರಗಳ, ಕೆಲವರಿಗೆ ತಿಂಗಳುಗಳ ನೆಮ್ಮದಿ ಸಿಗುತ್ತದೆ, ಕೆಲವರಿಗೆ ಏನೂ ಸಿಗುವುದಿಲ್ಲ. ಈ ಮೂರನೆಯ ಸಾಧ್ಯತೆಯನ್ನು ರೋಗಿಯ ಮುಖ ನೋಡಿ ಹೇಳುವ ಧೈರ್ಯ ನಮ್ಮಲ್ಲಿ ಅನೇಕರಿಗೆ ಇಂದಿಗೂ ಬಂದಿಲ್ಲ. ಅವರು ಅದನ್ನೇ ಮೊದಲು ಹೇಳುತ್ತಿದ್ದರು.

ನಾನು ಕಿರಿಯ ವೈದ್ಯೆಯಾಗಿ ಅವರ ವಿಭಾಗಕ್ಕೆ ಸೇರಿದ ದಿನ ಅವರು ನನಗೆ ಕೊಟ್ಟ ಮೊದಲ ಕೆಲಸ ಚಹಾ ಕೊಡುವುದು. ಮೆಡಿಕಲ್ ಓದಿ, ಅರಿವಳಿಕೆಯಲ್ಲಿ ಪದವಿ ಪಡೆದು ಬಂದವಳ ಕೈಗೆ ಗಾಜಿನ ಲೋಟಗಳ ತಟ್ಟೆ ಕೊಟ್ಟರು. ಸೂಜಿಗೆ ಕಾದು ಕುಳಿತ ಪ್ರತಿಯೊಬ್ಬರಿಗೂ ಒಂದೆರಡು ಲೋಟ, ಪುದೀನ ಹಾಕಿದ್ದು, ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಯಿಲ್ಲದ್ದು. ಸಂಜೆಯಾದ ಮೇಲೆ, ನನ್ನ ಮುಖ ಬಾಡಿದ್ದನ್ನು ನೋಡಿಯೋ ಏನೋ, ಕರೆದು ಕೂರಿಸಿಕೊಂಡು ಕಾರಣ ಹೇಳಿದರು.

ನಮ್ಮ ಗಂಡಸರು ಹೇಗಿದ್ದೀರಿ ಎಂದರೆ ದೇವರ ದಯೆ ಎನ್ನುತ್ತಾರೆ. ಕಾಲು ಸತ್ತುಹೋಗುತ್ತಿದ್ದರೂ ದೇವರ ದಯೆ ಎನ್ನುತ್ತಾರೆ. ಮೂತ್ರ ಕಟ್ಟಿದೆಯೇ, ಕುಳಿತುಕೊಳ್ಳುವ ಜಾಗ ಮರಗಟ್ಟಿದೆಯೇ ಎಂದು ಹೆಂಗಸಾದ ಡಾಕ್ಟರು ಕೇಳಿದರೆ ಕಿವಿ ಕೆಂಪಾಗಿ, ಛೆ ಛೆ, ಏನೂ ಇಲ್ಲ ಎನ್ನುತ್ತಾರೆ. ಆದರೆ ಸೊಂಟದ ಡಿಸ್ಕ್ ನಡುವಿನ ನರಗಳ ಕಂತೆಯನ್ನೇ ಅದುಮಿದಾಗ ಮೊದಲು ಸುಳಿವು ಸಿಗುವುದು ಅಲ್ಲಿಯೇ, ಮತ್ತು ಆಗ ಸೂಜಿ ಹಾಕುತ್ತ ಕುಳಿತರೆ ಮನುಷ್ಯ ಜೀವನಪೂರ್ತಿ ಅದರ ಫಲ ಉಣ್ಣುತ್ತಾನೆ. ಅದಕ್ಕೆ ಚಹಾ. ಬೆಳಿಗ್ಗೆ ಎರಡು ಲೋಟ ಕುಡಿದವನು ಕಾರಿಡಾರಿನ ಕೊನೆಯ ಶೌಚಾಲಯಕ್ಕೆ ಎದ್ದು ಹೋಗಲೇಬೇಕು. ಹೋಗುವಾಗ ಪಾದ ಎಳೆಯುತ್ತಿದೆಯೇ ನೋಡು, ಬರುವಾಗ ಮುಖ ನೋಡು ಎಂದರು. ಯಾರೊಬ್ಬರ ಮಾನಕ್ಕೂ ಧಕ್ಕೆಯಿಲ್ಲದೆ, ಯಾರಿಗೂ ಪ್ರಶ್ನೆ ಕೇಳಿದೆವೆಂಬ ಗುಮಾನಿಯೇ ಬಾರದಂತೆ ಪರೀಕ್ಷೆ ಮುಗಿದಿರುತ್ತಿತ್ತು. ರೋಗಿಗಳು ಮಾತ್ರ ಇದನ್ನು ಡಾಕ್ಟರ ದೊಡ್ಡ ಮನಸ್ಸು ಎಂದೇ ತಿಳಿದು, ಋಣ ತೀರಿಸಲು ಜಿಲೇಬಿಯಂಥ ನಮ್ಮ ಮಿಶಬ್ಬಕ್ ಸಿಹಿಯ ಪೊಟ್ಟಣಗಳನ್ನು ಹೊತ್ತು ತರುತ್ತಿದ್ದರು. ಸ್ಟೀರಾಯ್ಡ್ ಹಾಕಿದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ಆದ್ದರಿಂದ ತಂದವರು ತಿನ್ನಕೂಡದು ಎಂದು ಪೊಟ್ಟಣವನ್ನು ದಾದಿಯರಿಗೆ ದಾಟಿಸುವುದು ಡಾಕ್ಟರ ನಿಯಮ. ನಮ್ಮ ವಿಭಾಗದ ದಾದಿಯರ ತೂಕದ ಹಿಂದಿನ ಚರಿತ್ರೆ ಇದು.

ಒಬ್ಬ ಆಡಳಿತಾಧಿಕಾರಿ ಬಂದು, ಇದು ಆಸ್ಪತ್ರೆಯೋ ಚಹಾದಂಗಡಿಯೋ ಎಂದು ಕೇಳಿದ್ದುಂಟು. ಡಾ. ರಾವಿಯಾ ಅವರು ಅವರಿಗೂ ಒಂದು ಲೋಟ ಕೊಟ್ಟು ಕಳುಹಿಸಿದರು. ನರಗಳ ಶಸ್ತ್ರವೈದ್ಯರಾದ ಡಾ. ನಶಾತ್ ಅಲ್-ಘರಬಾವಿ ಅವರಂತೂ ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಕೆಣಕುತ್ತಿದ್ದರು.

"ಏನಮ್ಮ ರಾವಿಯಾ, ನಿನ್ನ ಚಹಾದಂಗಡಿ ಹಿಂಗೇ ನಡೆದ್ರೆ ನನ್ನ ಕತ್ತಿ ತುಕ್ಕು ಹಿಡಿಯುತ್ತೆ."

"ಅದು ತುಕ್ಕು ಹಿಡೀಲಿ ಅಂತಾನೇ ದಿನಾ ಪ್ರಾರ್ಥನೆ ಮಾಡ್ತಿದೀನಿ ಸಾರ್."

ಇಬ್ಬರೂ ನಗುತ್ತಿದ್ದರಾದರೂ ಅದರಲ್ಲಿ ಅರ್ಧ ನಿಜವಿತ್ತು. ಕತ್ತಿಯಿಲ್ಲದೆ ದಾಟಿಸಬಹುದಾದ ರೋಗಿಯನ್ನು ದಾಟಿಸಿಯೇ ತೀರಬೇಕೆಂಬ ಹಟ ಡಾ. ರಾವಿಯಾ ಅವರದು. ಒಂದೊಂದು ಬೆನ್ನಿಗೂ ದಾರಿ ಹುಡುಕುವ ತಾಳ್ಮೆ ಅವರಲ್ಲಿತ್ತು: ಒಬ್ಬರಿಗೆ ಮೂಳೆಗಳ ನಡುವಿನಿಂದ, ಒಬ್ಬರಿಗೆ ನರ ಹೊರಬರುವ ಪಕ್ಕದ ಕಿಂಡಿಯಿಂದ, ಹಿಂದೆ ಶಸ್ತ್ರಚಿಕಿತ್ಸೆಯಾದವರಿಗೆ ಬಾಲಮೂಳೆಯ ಬಳಿಯ ಕೆಳದಾರಿಯಿಂದ. ಮದ್ದಿಗೆ ಮೊದಲು ಬಣ್ಣದ ದ್ರವ ಒಂದು ಹನಿ ಬಿಟ್ಟು, ಪರದೆಯ ಮೇಲೆ ಅದು ನರದ ಗುಂಟ ತೆಳ್ಳಗೆ ಹರಿಯುವುದನ್ನು ಕಣ್ಣಾರೆ ಕಂಡ ಮೇಲೆಯೇ ಸಿರಿಂಜು ಬದಲಿಸುತ್ತಿದ್ದರು. ಬಣ್ಣ ಬೇರೆಡೆಗೆ ಓಡಿತೋ, ಸೂಜಿಯನ್ನು ಹೊರತೆಗೆದು ಮೊದಲಿನಿಂದ ಆರಂಭಿಸುತ್ತಿದ್ದರು. ಸಾಲು ಎಷ್ಟೇ ಉದ್ದವಿರಲಿ, ಈ ಒಂದು ಹನಿಯನ್ನು ಅವರು ಬಿಟ್ಟದ್ದನ್ನು ನಾನು ಕಂಡಿಲ್ಲ.

ಜನರ ನಂಬಿಕೆಗಳನ್ನು ಕಂಡು ನಕ್ಕದ್ದನ್ನೂ ಕಂಡಿಲ್ಲ. ಸಯಾಟಿಕಾಕ್ಕೆ ಕುರಿಯ ಬಾಲದ ಕೊಬ್ಬನ್ನು ಕರಗಿಸಿ ಮೂರು ಮುಂಜಾನೆ ಖಾಲಿ ಹೊಟ್ಟೆಗೆ ಕುಡಿಸುವ ಪದ್ಧತಿ ನಮ್ಮಲ್ಲಿ ಹಳೆಯದು. ಬೀರು ಹೊರುವ ರೋಗಿಯೊಬ್ಬನ ತಾಯಿ ಹೆದರುತ್ತ ಅದನ್ನು ಹೇಳಿದಾಗ ನಾವು ಕಿರಿಯರು ಮುಖ ಮುಖ ನೋಡಿಕೊಂಡೆವು. ಡಾಕ್ಟರು, ಕುಡಿಯಲಿ ತಾಯಿ, ಆದರೆ ಆ ಮೂರು ದಿನ ಮನೆಯಲ್ಲೇ ಇರಬೇಕು, ಭಾರ ಎತ್ತಬಾರದು ಎಂದರು. ಆಕೆ ಹೋದ ಮೇಲೆ ನಮ್ಮ ಕಡೆ ತಿರುಗಿ, ಬೀರು ಹೊರುವವನನ್ನು ಮೂರು ದಿನ ಮನೆಯಲ್ಲಿ ಕೂರಿಸುವುದು ನನ್ನಿಂದ ಆಗಿರಲಿಲ್ಲ, ಕೊಬ್ಬಿನಿಂದ ಆಯಿತು ಎಂದರು.

ಅವರು ಹೇಳದ್ದನ್ನೂ ಕಾಣುವವರು. ನನ್ನ ಮೊದಲ ಮಗು ಹೊಟ್ಟೆಯಲ್ಲಿದ್ದಾಗ ನಾನು ನನ್ನ ತಾಯಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಎಕ್ಸ್-ರೇ ಕಿರಣ ತಡೆಯುವ ಸೀಸದ ಅಂಗಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಇನ್ನು ಮೇಲೆ ನೀನು ಎಕ್ಸ್-ರೇ ಕೋಣೆಯೊಳಗೆ ಬರಬೇಡ, ಹೊರಗಿನ ರೋಗಿಗಳನ್ನು ನೋಡು ಎಂದರು. ಯಾಕೆಂದು ಕೇಳಲಿಲ್ಲ, ಹೇಳಲೂ ಇಲ್ಲ. ಅಷ್ಟೂ ತಿಂಗಳು ನನ್ನ ಪಾಲಿನ ಕೆಲಸವನ್ನು ಆ ಭಾರದ ಅಂಗಿ ತೊಟ್ಟು ಅವರೇ ಮಾಡಿದರು. ಅವರ ಸೊಂಟವೂ ಆಗ ನೋಯುತ್ತಿತ್ತೆಂದು ತಿಳಿದದ್ದು ತಡವಾಗಿ. ಮುಂದೆ ನನ್ನ ಮಕ್ಕಳು ಮೂವರಾದರು. ಅವರ ಜ್ವರ, ಅವರ ಶಾಲೆಯ ಸಭೆ, ಅವರ ಬಿದ್ದ ಹಲ್ಲು, ಎಲ್ಲದಕ್ಕೂ ಡಾಕ್ಟರ ಪಟ್ಟಿಯಲ್ಲಿ ಜಾಗವಿತ್ತು. ಅವರು ರೋಗಿಗಳ ಕ್ರಮ ಬದಲಿಸುತ್ತಿದ್ದರೇ ಹೊರತು ನನ್ನನ್ನು ಒಮ್ಮೆಯೂ ನೆಪ ಹೇಳುವ ಸ್ಥಿತಿಗೆ ತರಲಿಲ್ಲ. ಈ ಲೇಖನವನ್ನೂ ಆ ಮೂವರು ಮಲಗಿದ ಮೇಲೆ ಬರೆಯುತ್ತಿರುವುದರಿಂದ ವಾಕ್ಯಗಳು ಎಲ್ಲಾದರೂ ತೂಕಡಿಸಿದ್ದರೆ ಸಂಪಾದಕರು ತಿದ್ದಿಕೊಳ್ಳಬೇಕು.

ಇನ್ನು ಉಸ್ತಾ ಬದೀರ್ ಅವರ ವಿಷಯ. ಮೊದಲ ಸೂಜಿ ಅವರಿಗೆ ಒಳ್ಳೆಯ ಗುಣ ಕೊಟ್ಟಿತ್ತು. ವರ್ಷಗಳ ನಂತರ ನೋವು ಮರುಕಳಿಸಿದಾಗ ಇನ್ನೊಂದು ಹಾಕಿಸಿಕೊಂಡರು, ಅದೂ ಕೈಹಿಡಿಯಿತು. ಮಾರುಕಟ್ಟೆಯಲ್ಲಿ ಅವರು ಡಾಕ್ಟರ ಮಾತಿನ ಕಥೆ ಹೇಳುತ್ತಿದ್ದರು, ಆ ಕಥೆ ಕೇಳಿ ಬಂದ ರೋಗಿಗಳು ನಮಗೂ ಅಂಥದೇ ಮಾತು ಕೊಡಿ ಎಂದು ಪೀಡಿಸುತ್ತಿದ್ದರು. ಡಾಕ್ಟರು ಕೊಡುತ್ತಿರಲಿಲ್ಲ. ಅವರೊಬ್ಬರಿಗೆ ಕೊಟ್ಟದ್ದೇ ಹೆಚ್ಚಾಯಿತು, ಡಿಸ್ಕ್ ನನ್ನ ಮಾತು ಕೇಳುತ್ತದೆಯೇ ಎಂದು ಒಮ್ಮೆ ನಮ್ಮೊಡನೆ ಅಂದಿದ್ದರು.

ಕೆಲವು ವರ್ಷಗಳ ಹಿಂದಿನ ಒಂದು ಸೋಮವಾರ ಉಸ್ತಾ ಬದೀರ್ ಕೋಲೂರಿಕೊಂಡು, ತಮ್ಮ ಹೆಂಡತಿ ಅತಿಯಾತ್ ಅವರ ಭುಜ ಹಿಡಿದು ಬಂದರು. ಮಗಳ ಮದುವೆ ಗೊತ್ತಾಗಿತ್ತು. ಮದುಮಗಳ ಮನೆಸಾಮಾನನ್ನೆಲ್ಲ ಲಾರಿಗೇರಿಸಿ, ಊರೆಲ್ಲ ನೋಡುವಂತೆ ಮೆರವಣಿಗೆಯಲ್ಲಿ ಗಂಡಿನ ಮನೆಗೆ ಸಾಗಿಸುವ ದಿನ ಆ ಗುರುವಾರ. ಮಂಚದ ತಲೆಹಲಗೆಯನ್ನು ತಾವೇ ಕೆತ್ತಬೇಕೆಂದು ತಿಂಗಳುಗಟ್ಟಲೆ ಬಾಗಿ ಕುಳಿತಿದ್ದರು. ಈ ಸಲ ನೋವು ಎರಡೂ ಕಾಲಿಗೆ ಇಳಿದಿತ್ತು. ಕೇಳಿದ ಪ್ರಶ್ನೆಗಳಿಗೆಲ್ಲ ದೇವರ ದಯೆ ಎಂದರು. ಮರಗಟ್ಟಿದೆಯೇ ಎಂದರೆ ಇಲ್ಲ, ಬೇರೇನಾದರೂ ತೊಂದರೆಯೇ ಎಂದರೆ ಅದೂ ಇಲ್ಲ. ಒಂದು ಸೂಜಿ ಹಾಕಿಬಿಡಿ, ಗುರುವಾರ ದಾಟಲಿ.

ಚಹಾ ಕೊಟ್ಟೆ. ಕುಡಿದರು. ಮತ್ತೊಂದು ಕೊಟ್ಟೆ. ಅವರಿಗಿಂತ ನಂತರ ಬಂದವರು ಕುಡಿದು, ಕಾರಿಡಾರಿನ ಕೊನೆಗೆ ಹೋಗಿ ಬಂದು, ಸೂಜಿ ಹಾಕಿಸಿಕೊಂಡು ಮನೆಗೆ ಹೊರಟರು. ಉಸ್ತಾ ಕುರ್ಚಿ ಬಿಟ್ಟು ಏಳಲಿಲ್ಲ. ಮೂರನೆಯ ಲೋಟ ಕೊಡುವಾಗ, ಒಮ್ಮೆ ಹೋಗಿ ಬನ್ನಿ ಉಸ್ತಾ ಎಂದೆ. ಆಮೇಲೆ ಹೋಗುತ್ತೇನೆ ಮಗಳೇ, ಅವಸರವಿಲ್ಲ ಎಂದರು. ನಾನು ಒಳಗೆ ಹೋಗಿ ಡಾಕ್ಟರಿಗೆ ತಿಳಿಸಿದೆ. ಅವರು ಕೈಗವಸು ಕಳಚಿ ಹೊರಬಂದು, ಉಸ್ತಾ ಕಡೆ ನೋಡದೆ, ಅತಿಯಾತ್ ಅವರ ತೋಳು ಹಿಡಿದು ಕಿಟಕಿಯ ಬಳಿಗೆ ಕರೆದೊಯ್ದರು. ನನ್ನನ್ನೂ ಜೊತೆಗೆ ಬರುವಂತೆ ಸನ್ನೆ ಮಾಡಿದರು.

"ಅಕ್ಕ, ಉಸ್ತಾ ಬೆಳಿಗ್ಗೆ ಹೋದ್ರಾ?"

"ನನ್ನ ಕೈಲಿ ಹೇಳಿಸ್ಬೇಡಿ ಡಾಕ್ಟ್ರಮ್ಮ. ಬಾಯಿಬಿಟ್ರೆ ತಲಾಖ್ ಅಂತ ಆಣೆ ಹಾಕಿದಾರೆ."

ಇಲ್ಲಿ ಗಂಡಸರು ಸಿಟ್ಟಿನಲ್ಲಿ, ಭಯದಲ್ಲಿ, ಕೆಲವೊಮ್ಮೆ ಮೀನಿನ ಬೆಲೆಯ ಚೌಕಾಸಿಯಲ್ಲೂ ಈ ಆಣೆ ಹಾಕುತ್ತಾರೆ. ಹೆಂಗಸರು ಮಾತ್ರ ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

"ಹಾಗಾದ್ರೆ ನೀವು ಹೇಳ್ಬೇಡಿ. ನಾನು ಹೇಳ್ತೀನಿ. ತಪ್ಪಾಗಿದ್ರೆ ಮಾತ್ರ ತಲೆ ಅಲ್ಲಾಡಿಸಿ. ನೆನ್ನೆಯಿಂದ ಉಸ್ತಾಗೆ ಮೂತ್ರ ಆಗಿಲ್ಲ."

ಅತಿಯಾತ್ ಅಲ್ಲಾಡಲಿಲ್ಲ.

"ಕೂತ್ಕೊಳ್ಳೋ ಜಾಗ ಮರಗಟ್ಟಿದೆ."

ಅಲ್ಲಾಡಲಿಲ್ಲ. ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಇದನ್ನ ಹೇಳಿದ್ರೆ ನಾನು ಕೊಟ್ಟ ಮಾತು ಮುರೀಬೇಕಾಗುತ್ತೆ ಅಂತ ಮುಚ್ಚಿಟ್ಟಿದಾರೆ."

ಆಕೆ ನೆಲ ನೋಡುತ್ತ ಹಾಗೆಯೇ ನಿಂತರು. ಡಾಕ್ಟರ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ರೋಗಿ ಮೇಜು ಹತ್ತಲೆಂದು ಎಂದೋ ಅವಸರದಲ್ಲಿ ಆಡಿದ ಮಾತೊಂದು ಇಷ್ಟು ವರ್ಷ ಅವರೊಳಗೆ ಕುಳಿತು, ಕೊನೆಗೆ ಅವರ ಬಾಯಿಯನ್ನೇ ಹೊಲಿದುಬಿಟ್ಟಿತ್ತು. ಉಸ್ತಾ ತಮ್ಮ ಭಯವನ್ನಷ್ಟೇ ಅಲ್ಲ, ಡಾಕ್ಟರ ಮಾನವನ್ನೂ ಕಾಯಲು ಹೊರಟಿದ್ದರು.

ಕಾರಿಡಾರಿಗೆ ಮರಳಿ ಡಾಕ್ಟರು ಉಸ್ತಾ ಅವರನ್ನು ಒಳಗೆ ಕರೆದು, ಪರದೆ ಎಳೆದು, ಹೊಟ್ಟೆಯ ಕೆಳಭಾಗದ ಮೇಲೆ ಕೈಯಿಟ್ಟರು. ತುಂಬಿದ ಚರ್ಮದ ಚೀಲದಂತೆ ಬಿಗಿದಿತ್ತು. ಒತ್ತಿದರೂ ಅವರಿಗೆ ಏನೂ ಅನ್ನಿಸಲಿಲ್ಲ. ಕಿವಿಯಂಚಿನವರೆಗೆ ಕೆಂಪಾಗಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

"ಸೂಜಿ ಹಾಕಿ ಡಾಕ್ಟ್ರಮ್ಮ. ಗುರುವಾರ ಸಾಮಾನು ಹೋಗುತ್ತೆ. ಆಮೇಲೆ ನೋಡೋಣ."

"ಇದಕ್ಕೆ ನನ್ನ ಹತ್ರ ಸೂಜಿ ಇಲ್ಲ ಉಸ್ತಾ. ಹಾಕಿದ್ರೆ ನೋವು ಹೋಗಬಹುದು, ಅದರ ಹಿಂದೇನೇ ಕಾಲೂ ಹೋಗುತ್ತೆ. ಇವತ್ತೇ ಆಪರೇಷನ್ ಆಗ್ಬೇಕು."

"ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ. ಕೊಡಬಾರದಾಗಿತ್ತು."

ಕತ್ತಿಯವರ ಕಡೆಗೆ ನೀವೂ ಸೇರಿಕೊಂಡಿರಿ ಎಂದರು ಉಸ್ತಾ. ಮಾರುಕಟ್ಟೆಯಲ್ಲಿ ನಿಮ್ಮ ಹೆಸರು ಹೇಳಿ ಎಷ್ಟು ಜನರನ್ನು ಕಳಿಸಿದ್ದೇನೆ, ಅವರಿಗೆಲ್ಲ ಈಗ ಏನು ಹೇಳಲಿ ಎಂದರು.

"ಮುರಿದ್ಲು ಅಂತ ಹೇಳಿ. ಮಾತು ನನ್ನದು, ಅವಮಾನ ಆದ್ರೆ ನನಗೆ ಆಗ್ಲಿ. ಬೆನ್ನು ನಿಮ್ಮದು."

"ನಾನೂ ಅಣ್ಣನ ಹಾಗೆ ಮಂಚ ಹಿಡೀತೀನಾ?"

ಇಲ್ಲ ಎಂಬ ಒಂದು ಮಾತು ಅಂದಿದ್ದರೆ ಅವರು ಆ ಕ್ಷಣವೇ ಎದ್ದು ಶಸ್ತ್ರಚಿಕಿತ್ಸೆಗೆ ಹೊರಡುತ್ತಿದ್ದರು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಡಾಕ್ಟರು ಅನ್ನಲಿಲ್ಲ.

"ಗೊತ್ತಿಲ್ಲ ಉಸ್ತಾ. ಈಗ ಹೋದ್ರೆ ಹಾಗಾಗದೇ ಇರೋ ಸಾಧ್ಯತೆ ಜಾಸ್ತಿ. ಹೊತ್ತು ಹೋದಷ್ಟೂ ಕಡಿಮೆ. ಇದಕ್ಕಿಂತ ಹೆಚ್ಚು ಹೇಳಿದ್ರೆ ಸುಳ್ಳಾಗುತ್ತೆ."

ಉಸ್ತಾ ಬದೀರ್ ಹೆಂಡತಿಯ ಕಡೆ ನೋಡಿದರು. ಆಣೆ ಮುರಿದೆಯಾ ಎಂಬಂತೆ ನೋಡಿದರು. ನಾನು ತುಟಿ ಎರಡು ಮಾಡಿಲ್ಲ, ಬೇಕಾದರೆ ಈ ಚಿಕ್ಕ ಡಾಕ್ಟರನ್ನು ಕೇಳಿ ಎಂದು ಅತಿಯಾತ್ ನನ್ನ ಕಡೆ ಕೈ ತೋರಿಸಿದರು. ನಾನು ಹೌದೆಂದೆ. ಉಸ್ತಾ ಕೋಲಿಗಾಗಿ ಕೈ ಚಾಚಿದರು.

"ನಡೀರಿ ಹಾಗಾದ್ರೆ. ಆದ್ರೆ ಆಂಬುಲೆನ್ಸಲ್ಲಿ ಮುಂದಿನ ಸೀಟಲ್ಲಿ ನೀವೇ ಕೂತ್ಕೊಳ್ಳಿ. ನನ್ನ ಯಾರು ಕರ್ಕೊಂಡು ಹೋದ್ರು ಅಂತ ಊರೋರು ನೋಡ್ಲಿ."

ಡಾ. ನಶಾತ್ ಅವರ ಶಸ್ತ್ರಚಿಕಿತ್ಸೆಯ ಕೋಣೆ ಆಗ ಹೊಸ ಕಟ್ಟಡಕ್ಕೆ, ಸೇತುವೆಯ ಆಚೆ ದಡಕ್ಕೆ ಹೋಗಿತ್ತು. ಡಾಕ್ಟರು ಅವರಿಗೆ ಫೋನು ಮಾಡಿ, ಕತ್ತಿ ಸಿದ್ಧ ಮಾಡಿ, ನಾನೇ ಕರೆತರುತ್ತಿದ್ದೇನೆ ಎಂದಾಗ, ಆ ಕಡೆಯಿಂದ ಒಂದು ಕೊಂಕು ಮಾತಾದರೂ ಬರುತ್ತದೆಂದು ನಾನು ಕಾದೆ. ಡಾ. ನಶಾತ್ ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಹೊತ್ತಾಯಿತು? ಮುಂದಿನ ಸೀಟಿನಲ್ಲಿ, ಸಾಮಾನಿನ ಅಂಗಡಿಗಳ ಬೀದಿಯುದ್ದಕ್ಕೂ, ಎಲ್ಲರಿಗೂ ಕಾಣುವಂತೆ ಡಾ. ರಾವಿಯಾ ಅವರು ಕುಳಿತು ಹೋದರು. ಶಸ್ತ್ರಚಿಕಿತ್ಸೆಗೆ ಅರಿವಳಿಕೆಯನ್ನೂ ಅವರೇ ಕೊಟ್ಟರು. ಎಷ್ಟೋ ಕಾಲದ ಮೇಲೆ, ಒಬ್ಬರನ್ನು ಮಲಗಿಸಿ ಎಬ್ಬಿಸುವ ತಮ್ಮ ಹಳೆಯ ಕೆಲಸಕ್ಕೆ ಅವರು ಮರಳಿದ್ದರು.

ಗುರುವಾರ ಮಗಳ ಸಾಮಾನು ಹೊರಟಿತು. ಒಂದು ಮೂಲೆ ಕೆತ್ತದೆ ಉಳಿದ ತಲೆಹಲಗೆಯೇ ಲಾರಿಯೇರಿತು. ಬೇರೆ ಯಾರ ಉಳಿಯೂ ಅದಕ್ಕೆ ತಾಗಕೂಡದೆಂದು ಉಸ್ತಾ ಹಾಸಿಗೆಯಿಂದಲೇ ಅಪ್ಪಣೆ ಕೊಡಿಸಿದ್ದರು. ಕಾಲುಗಳಿಗೆ ಬಲ ಬೇಗ ಬಂತು. ಮೂತ್ರಕ್ಕೆ ಹಾಕಿದ ಕೊಳವೆಯದೇ ಚಿಂತೆ. ಒಮ್ಮೆ ತೆಗೆದು ನೋಡಿದರು, ಆಗಲಿಲ್ಲ, ಮತ್ತೆ ಹಾಕಿದರು. ಡಾಕ್ಟರು ದಿನವೂ ಕೆಲಸ ಮುಗಿಸಿ ಸೇತುವೆ ದಾಟಿ ಹೋಗಿ ಹಾಸಿಗೆಯ ಪಕ್ಕ ಕುಳಿತು ಬರುತ್ತಿದ್ದರು. ಉಸ್ತಾ ಅವರೊಡನೆ ಮಾತಾಡುತ್ತಿರಲಿಲ್ಲ. ಡಾಕ್ಟರು ಮಾತಾಡಿಸುತ್ತಲೂ ಇರಲಿಲ್ಲ.

ಎರಡನೆಯ ವಾರದಲ್ಲಿ ಕೊಳವೆಯನ್ನು ಇನ್ನೊಮ್ಮೆ ತೆಗೆದರು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಉಸ್ತಾ ಶೌಚಾಲಯಕ್ಕೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಾಗಿಲ ಹೊರಗೆ ಕಿವಿಗೊಟ್ಟು ನಿಂತಿದ್ದ ಅತಿಯಾತ್ ಇದ್ದಕ್ಕಿದ್ದಂತೆ ಮದುವೆ ಮನೆಯಲ್ಲಿ ಹೆಂಗಸರು ನಾಲಿಗೆ ಹೊರಳಿಸಿ ಹಾಕುವ ಹರ್ಷದ ಕೂಗನ್ನು ಹಾಕಿದರು. ವಾರ್ಡಿನ ಹೆಂಗಸರೆಲ್ಲ ಯಾರಿಗೋ ಮಗು ಹುಟ್ಟಿತೆಂದುಕೊಂಡು ಓಡಿಬಂದು, ವಿಷಯ ತಿಳಿದ ಮೇಲೂ ಹಿಂಜರಿಯದೆ ಜೊತೆಗೂಡಿದರು. ಒಳಗಿನಿಂದ ಉಸ್ತಾ ಅವರ ದನಿ ಕೇಳಿತು.

"ಸಾಕು ಮಾಡೇ ಮಾರಾಯ್ತಿ. ಇದ್ದ ಮಾನಾನೂ ಕಳೀತೀಯ."

ಉಸ್ತಾ ಬದೀರ್ ಈಗ ನಿಂತು ಕೆತ್ತುತ್ತಾರೆ. ಬಲಪಾದದ ಹೊರಅಂಚಿನಲ್ಲಿ ಸ್ವಲ್ಪ ಮರಗಟ್ಟುವಿಕೆ ಉಳಿದಿದೆ, ಅದು ಹೋಗಲಿಕ್ಕಿಲ್ಲ ಎಂದು ಡಾಕ್ಟರು ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಈ ಘಟನೆಯ ನಂತರ ನಮ್ಮ ವಿಭಾಗದಲ್ಲಿ ರೋಗಿಗೆ ಫಲದ ಮಾತು ಕೊಡುವುದನ್ನು ಅವರು ನಿಷೇಧಿಸಿದರು. ಕೊಡಲೇಬೇಕಾದರೆ ನಾಳೆ ನಾನೇ ಬಂದು ನೋಡುತ್ತೇನೆ ಎಂದಷ್ಟು ಕೊಡಿ, ಅದು ನಿಮ್ಮ ಕೈಯಲ್ಲಿದೆ ಎಂದರು. 'ಕತ್ತಿಯವರು' ಎಂಬ ಪದವನ್ನು ತಮಾಷೆಗೂ ಬಳಸುವುದನ್ನು ಬಿಟ್ಟರು. ಸೂಜಿಯನ್ನು ಎಲ್ಲಿ ಚುಚ್ಚಬೇಕೆಂಬುದನ್ನು ನಾನು ಅವರಿಂದ ಕಲಿತೆ. ಅದನ್ನು ಬೇರೆಯವರೂ ಕಲಿಸಬಲ್ಲರು. ಯಾವಾಗ ಸೂಜಿಯನ್ನು ತಟ್ಟೆಯಲ್ಲಿಟ್ಟು ಎದ್ದು ನಿಲ್ಲಬೇಕೆಂಬುದನ್ನು, ಎದುರಿಗೆ ಕುಳಿತವನ ದೃಷ್ಟಿಯಲ್ಲಿ ಸಣ್ಣವಳಾಗಲು ಒಪ್ಪಬೇಕೆಂಬುದನ್ನು ಅವರಲ್ಲದೆ ಇನ್ನಾರು ಕಲಿಸುತ್ತಿದ್ದರೋ ತಿಳಿಯದು.

ನಮ್ಮ ಪೂಜ್ಯ ಗುರುಗಳು ಈ ತಿಂಗಳ ಕೊನೆಗೆ ಸರ್ಕಾರಿ ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಬಂದರಿನ ಬಳಿಯ ಧರ್ಮಾಸ್ಪತ್ರೆಯಲ್ಲಿ ವಾರಕ್ಕೆ ಎರಡು ಬೆಳಗು ರೋಗಿಗಳನ್ನು ನೋಡಲು ಅವರು ಒಪ್ಪಿದ್ದಾರೆಂಬುದು ಊರಿನ ಸೊಂಟಗಳಿಗೆಲ್ಲ ಸಮಾಧಾನದ ಸುದ್ದಿ. ದೇವರು ಅವರಿಗೆ ದೀರ್ಘಾಯುಷ್ಯ ಕೊಡಲಿ. ಅವರ ಬೆರಳುಗಳ ಸ್ಥಿರತೆಯನ್ನೂ, ಮುಖ ನೋಡಿ ನೋವು ಓದುವ ಅವರ ಕಣ್ಣುಗಳನ್ನೂ ಕಾಪಾಡಲಿ. ಮೂರು ದಶಕ ಭಾರದ ಅಂಗಿ ಹೊತ್ತ ಅವರ ಬೆನ್ನಿಗೆ ಇನ್ನಾದರೂ ವಿಶ್ರಾಂತಿ ಸಿಗಲಿ. ಹೊಸ ಜಾಗದಲ್ಲೂ ಕಲಿಯಲು ಬರುವ ಕಿರಿಯರಿಗೆ ಕೊರತೆಯಾಗದಿರಲಿ.

ಈ ಅಭಿನಂದನಾ ಸಂಪುಟಕ್ಕಾಗಿ ಉಸ್ತಾ ಬದೀರ್ ಅವರನ್ನು ಎರಡು ಮಾತು ಕೇಳಲು ಹೋಗಿದ್ದೆ. ಉಳಿಯನ್ನು ಕೆಳಗಿಡದೆ ಒಂದೇ ಮಾತು ಹೇಳಿದರು, ಅದನ್ನು ಇದ್ದ ಹಾಗೆಯೇ ಬರೆಯಬೇಕೆಂದು ಎರಡು ಸಲ ಎಚ್ಚರಿಸಿದರು. ಬರೆಯುತ್ತಿದ್ದೇನೆ: ಡಾಕ್ಟರ್ ರಾವಿಯಾ ಅಲ್-ಬಸ್ತವೀಸಿ ನನಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲ.